ಸಭಾಪತಿ, ಅಧ್ಯಕ್ಷ, ವಾಗ್ಮಿ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ನನಗೆ ವಿಧಿಸಿದ ವಿಷಯವನ್ನು ನಾಲ್ಕು ಮಾತುಗಳಲ್ಲಿ ಅರಿಕೆ ಮಾಡಿಕೊಳ್ಳುವೆನು. ಸಭೆಯನ್ನು ನಡೆಯಿಸುವವರನ್ನೂ ಸಭೆಯಲ್ಲಿ ಮಾತಾಡುವವರನ್ನೂ ನಾವು ಯಾವ ಹೆಸರುಗಳಿಂದ ಕರೆಯುವೆವು, ಆ ಹೆಸರುಗಳು ಅವರಿಂದ ಏನನ್ನು ಬೇಡುವವು ಎಂಬದೇ ಆ ವಿಷಯವು. ಇದು ಕೇವಲ ಕೋಶದ ವಿಚಾರವೆಂದು ಯಾರೂ ತಿಳಿಯಬಾರದು. ಒಂದು ಶಬ್ದವನ್ನು ಸಲ್ಲದ ಕಡೆಗೆ ಉಚ್ಚರಿಸಿ ನಾನೇ ಒಬ್ಬ ತಾಯಿಗೆ ಅನ್ಯಾಯ ಮಾಡಿದೆನು. ಅದನ್ನು ಮುಂದೆ ನಿವೇದಿಸುವೆನು.

ಮೊದಲು ‘ಸಭಾಪತಿ’ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಇದು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಯಜುರ್ವೇದದ ಶ್ರೀರುದ್ರದಲ್ಲಿಯೇ ಸಭೆಗಳಿಗೂ ಸಭಾಪತಿಗಳಿಗೂ ನಮಸ್ಕಾರವು ಸಂದಿರುವದು. ಅಲ್ಲಿ ಮೊದಲು ಸಭೆಗೆ ನಮಸ್ಕಾರ, ಆಮೇಲೆ ಸಭಾಪತಿಗೆ. ಈ ಕ್ರಮವನ್ನು ಲಕ್ಷ್ಯದಲ್ಲಿಡಬೇಕು. ಸಭೆಯಿಂದ ಪತಿಯೇ ಹೊರತು ಪತಿಯಿಂದ ಸಭೆಯಲ್ಲ. ಇನ್ನು ‘ಪತಿ’ ಎಂಬದನ್ನು ಶಾಬ್ದಿಕರು ರಕ್ಷಣಾರ್ಥದ ‘ಪಾ’ ಧಾತುವಿನಿಂದ ಸಾಧಿಸುವರು. ಕಾಯುವವನೇ ಪತಿಯು. ಗಂಡನೆಂಬ ಅರ್ಥವು ಅದಕ್ಕಿರುವ ಅರ್ಥಗಳಲ್ಲಿ ಒಂದು ಮಾತ್ರ.

ಈ ಶಬ್ದದ ಗೌರವವನ್ನು ನಮ್ಮ ಸೀಮೆಯು ಕಣ್ಣಾರೆ ಕಂಡಿರುವದು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು 1940ರಲ್ಲಿ ಜಮಖಂಡಿಯ ನಗರಸಭೆಯ ಸದಸ್ಯರಾಗಿ, 1945ರಲ್ಲಿ ಅದರ ಅಧ್ಯಕ್ಷರಾದರು. 1958ರಿಂದ 1962ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1974ರಲ್ಲಿ ಉಪರಾಷ್ಟ್ರಪತಿಗಳಾಗಿ, ಆ ಪದವಿಯ ನಿಮಿತ್ತದಿಂದಲೇ ರಾಜ್ಯಸಭೆಯ ಸಭಾಪತಿಗಳಾದರು. 1977ರಲ್ಲಿ ರಾಷ್ಟ್ರಪತಿಗಳು ಕಾಲವಾದಾಗ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಗಳೂ ಆದರು. ಪತಿ ಶಬ್ದಾಂತವಾದ ಮೂರು ಪದವಿಗಳು ಒಂದೇ ಹಳ್ಳಿಯ ಮಗನಿಗೆ ಸಂದವು.

ಎರಡನೆಯದು ‘ಅಧ್ಯಕ್ಷ’ ಶಬ್ದವು. ‘ಅಧಿ’ ಎಂದರೆ ಮೇಲೆ, ‘ಅಕ್ಷ’ ಎಂದರೆ ಕಣ್ಣು ಮೊದಲಾದ ಇಂದ್ರಿಯವು. ಮೇಲೆ ನಿಂತು ಕಣ್ಣಿಟ್ಟು ನೋಡುವವನೇ ಅಧ್ಯಕ್ಷನು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರಷ್ಟೆ. ಅದರ ಎರಡನೆಯ ಅಧಿಕರಣದ ಹೆಸರೇ ಅಧ್ಯಕ್ಷಪ್ರಚಾರವು. ಅಲ್ಲಿ ಹೊಲಕ್ಕೆ ಸೀತಾಧ್ಯಕ್ಷ, ವ್ಯಾಪಾರಕ್ಕೆ ಪಣ್ಯಾಧ್ಯಕ್ಷ, ನೂಲಿಗೆ ಸೂತ್ರಾಧ್ಯಕ್ಷ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳು ಈ ಸೂತ್ರಾಧ್ಯಕ್ಷನನ್ನು ಗಮನಿಸಬೇಕು. ವಿಧವೆಯರೇ ಮೊದಲಾದ ಅನಾಥ ಸ್ತ್ರೀಯರಿಂದ ನೂಲು ತೆಗೆಯಿಸಿ, ನೂಲಿನ ನಯವನ್ನು ನೋಡಿ ಕೂಲಿಯನ್ನು ಗೊತ್ತುಮಾಡುವದು ಅವನ ಕೆಲಸವಾಗಿತ್ತು. ಹೀಗಿರಲು ಅಧ್ಯಕ್ಷತೆಯೆಂದರೆ ಹಾರ ಹಾಕಿಸಿಕೊಳ್ಳುವದಲ್ಲ. ಎಳೆ ಎಳೆಯನ್ನು ನೋಡುವದು.

ಈ ಸಂಸ್ಕೃತ ಶಬ್ದಗಳಿಗೆ ಬೇರೆಯಾಗಿ ನಮ್ಮ ಜನರ ಮಾತುಗಳೂ ಉಂಟು. ಊರ ಹಿರಿಯರು ಕೂಡಿದರೆ ‘ದೈವ ಕೂಡಿತು’ ಎಂದೇ ನಮ್ಮವರು ಅನ್ನುವರು. ಕೂಡಿದ ಜನವನ್ನೇ ದೈವವೆಂದು ಕರೆದ ಈ ಮಾತು ಎಷ್ಟು ದೊಡ್ಡದು! ಕಾಯದೆಗಳು ಬಂದಂತೆ ಹೆಸರುಗಳೂ ಬದಲಾದವು. 1959ರ ಕಾಯದೆಯಲ್ಲಿ ಗ್ರಾಮಪಂಚಾಯತಿಯ ಮುಖ್ಯಸ್ಥನು ಚೇರಮನ್ನನಾದನು. 1983ರ ಕಾಯದೆಯಲ್ಲಿ ಮಂಡಲ ಪಂಚಾಯತಿಯ ಪ್ರಧಾನನಾದನು. 1993ರ ಕಾಯದೆಯಲ್ಲಿ ಅಧ್ಯಕ್ಷನಾದನು. ಮುದುಕರ ಬಾಯಲ್ಲಿ ಚೇರಮನ್ ಇನ್ನೂ ಉಳಿದಿರುವನು.

ಇನ್ನು ಮಾತಾಡುವವರ ವಿಚಾರ. ಭಗವಾನ್ ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ‘ವಾಕ್’ ಶಬ್ದದಿಂದ ‘ವಾಗ್ಮಿ’ಯನ್ನು ಸಾಧಿಸಿ, ಅದರ ಮಗ್ಗುಲ ಸೂತ್ರದಲ್ಲಿಯೇ ‘ವಾಚಾಲ’, ‘ವಾಚಾಟ’ ಎಂಬ ರೂಪಗಳನ್ನು ಸಾಧಿಸಿರುವನು. ಮೊದಲನೆಯವನು ಚೆನ್ನಾಗಿ ಮಾತಾಡುವವನು. ಉಳಿದವರು ಬಹಳ ಮಾತಾಡುವವರು. ಒಂದೇ ಧಾನ್ಯದಿಂದ ಅನ್ನವೂ ಆಗುವದು, ಹೊಟ್ಟೂ ಬೀಳುವದು. ಇವೆರಡರ ನಡುವೆ ಒಂದೇ ಸೂತ್ರದ ಅಂತರವಿದ್ದುದನ್ನು ಭಾಷಣಕಾರರಾದ ನಾವು ಮರೆಯಲಾಗದು. ಮುಧೋಳದ ರನ್ನನು ಬಳೆಗಾರ ಕುಲದಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದುದು ಮಾತಿನ ತೂಕದಿಂದ, ಮಾತಿನ ಉದ್ದದಿಂದಲ್ಲ. ವಿಧಾನಸಭೆಯ ಸಭಾಧ್ಯಕ್ಷರಿಗೆ ಇಂಗ್ಲಿಷರ ಮಾತಿನಲ್ಲಿ ‘ಸ್ಪೀಕರ್’ ಎಂದು ಹೆಸರು, ಅಂದರೆ ಮಾತಾಡುವವನು. ಸಭೆಯ ಮಾತನ್ನು ಅರಸನಿಗೆ ಮುಟ್ಟಿಸುವವನೆಂದು ಆ ಹೆಸರು ಬಂದಿತು. ಆದರೆ ಚರ್ಚೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಬೇಕಾದವನೂ ಅವನೇ!

ಈಗ ನನ್ನ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಹಳ್ಳಿಗೆ ಶ್ರಾವಣದ ಪುರಾಣಮಂಗಲಕ್ಕೆ ಹೋಗಿದ್ದೆನು. ವೇದಿಕೆಯ ನಡುವಣ ಕುರ್ಚಿಯಲ್ಲಿ ರುಮಾಲು ಸುತ್ತಿದ ಗೃಹಸ್ಥರೊಬ್ಬರು ಕುಳಿತಿದ್ದರು. ನಾನು ‘ಪಂಚಾಯತಿಯ ಅಧ್ಯಕ್ಷರೇ’ ಎಂದು ಅವರಿಗೆ ಕೈಮುಗಿದು ಭಾಷಣವನ್ನು ಆರಂಭಿಸಿದೆನು. ಯಾರೂ ತಿದ್ದಲಿಲ್ಲ, ಆ ಗೃಹಸ್ಥರೂ ತಿದ್ದಲಿಲ್ಲ. ಪ್ರಸಾದದ ಪಂಕ್ತಿಯಲ್ಲಿ ಒಬ್ಬ ಸಣ್ಣ ಹುಡುಗಿಯು ನನ್ನ ಬಳಿಗೆ ಬಂದು, “ಅಜ್ಜಾರ, ಅವರು ನಮ್ಮಪ್ಪ. ಅಧ್ಯಕ್ಷರು ನಮ್ಮವ್ವ, ಅಲ್ಲಿ ಬಡಸಾಕತ್ತಾಳ ನೋಡ್ರಿ” ಎಂದಳು. ನಾನು ಎದ್ದುಹೋಗಿ ಆ ತಾಯಿಯ ಕ್ಷಮೆ ಬೇಡಿದೆನು. ಅವರು ಸಾರಿನ ಸೌಟನ್ನು ಕೆಳಗಿಡದೆ, “ಇರಲಿ ಬಿಡ್ರಿ, ಎಲ್ಲಾರೂ ಹಂಗ ಅಂತಾರ” ಎಂದರು. ಆ ‘ಇರಲಿ’ ಎಂಬ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿರುವದು.

ಕಾಯದೆಯು 1993ರಲ್ಲಿ ಪಂಚಾಯತಿಯ ಸ್ಥಾನಗಳ ಮೂರರಲ್ಲೊಂದು ಪಾಲನ್ನು, 2010ರಲ್ಲಿ ಅರ್ಧ ಪಾಲನ್ನು ಸ್ತ್ರೀಯರಿಗೆ ಇಟ್ಟಿತು. ಕಾಯದೆ ಕೊಟ್ಟ ಕುರ್ಚಿಯನ್ನು ನನ್ನಂಥ ಪಂಡಿತನ ಒಂದು ಸಂಬೋಧನೆಯು ಕಸಿದುಕೊಂಡಿತು.

ಅವರನ್ನು ಏನೆಂದು ಕರೆಯಬೇಕೆಂದು ಕೆಲವರು ಕೇಳುವರು. 2007ರಲ್ಲಿ ಶ್ರೀಮತಿ ಪ್ರತಿಭಾ ಪಾಟೀಲರು ಆ ಉನ್ನತ ಪದವಿಗೆ ಬಂದಾಗ ‘ರಾಷ್ಟ್ರಪತಿ’ ಶಬ್ದದ ಬಗ್ಗೆಯೂ ಇಂಥ ಚರ್ಚೆ ನಡೆಯಿತು; ಶಬ್ದವು ಹಾಗೆಯೇ ನಿಂತಿತು. ನಮ್ಮಲ್ಲಿ ಇದಕ್ಕೆ ತೊಡಕೇ ಇಲ್ಲ. ಶರಣ ಸತಿ, ಲಿಂಗ ಪತಿ ಎಂಬ ಭಾವದಿಂದ ಗಂಡಸರೇ ‘ಸತಿ’ ಎನಿಸಿಕೊಳ್ಳಲು ನಾಚದ ಪರಂಪರೆಯಲ್ಲಿ, ಕಾಯುವ ಹೆಣ್ಣುಮಗಳು ‘ಸಭಾಪತಿ’ ಎನಿಸಿಕೊಂಡರೆ ದೋಷವೇನು? ‘ಅಧ್ಯಕ್ಷೆ’ ಎಂಬದೂ ವ್ಯಾಕರಣಶುದ್ಧವೇ. ಎಲ್ಲಕ್ಕಿಂತ ನಮ್ಮ ಕನ್ನಡದ ಗೌರವ ಬಹುವಚನವಾದ ‘ಅಧ್ಯಕ್ಷರು’ ಎಂಬದು ಗಂಡು-ಹೆಣ್ಣೆಂಬ ಭೇದವನ್ನೇ ಎಣಿಸದು. 1972ರಿಂದ 1978ರ ವರೆಗೆ ನಮ್ಮ ವಿಧಾನಸಭೆಯನ್ನು ನಡೆಯಿಸಿದ ಶ್ರೀಮತಿ ಕೆ. ಎಸ್. ನಾಗರತ್ನಮ್ಮನವರು ಸಭಾಧ್ಯಕ್ಷರೇ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಆ ಪೀಠವನ್ನೇರಿದ ಮೊದಲನೆಯ ಸ್ತ್ರೀಯಾದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರೂ ಸಮ್ಮೇಳನಾಧ್ಯಕ್ಷರೇ. ಶಬ್ದವು ಸಿದ್ಧವಾಗಿರುವದು. ಕುರ್ಚಿಯನ್ನು ಬಿಟ್ಟುಕೊಡುವ ಮನಸ್ಸು ಸಿದ್ಧವಾಗಬೇಕು.

ಕಲ್ಯಾಣದ ಅನುಭವಮಂಟಪದಲ್ಲಿ ಪ್ರಭುದೇವರು ಏರಿದ ಪೀಠಕ್ಕೆ ಶೂನ್ಯಸಿಂಹಾಸನವೆಂದು ಹೆಸರು. ‘ನಾನು’ ಎಂಬದು ಬರಿದಾದಲ್ಲಿ ಮಾತ್ರ ಆ ಪೀಠವು ತುಂಬುವದೆಂದು ನಾನು ತಿಳಿದಿರುವೆನು. ಸಭೆಯನ್ನು ನಡೆಯಿಸುವವರಿಗೆ ಇದಕ್ಕಿಂತ ಬೇರೆ ಉಪದೇಶ ಬೇಡ. ಮುಂದಿನ ಶ್ರಾವಣದಲ್ಲಿ ನಮ್ಮ ಹಳ್ಳಿಗಳ ವೇದಿಕೆಯನ್ನೇರುವ ಭಾಷಣಕಾರರು ‘ಅಧ್ಯಕ್ಷರೇ’ ಎನ್ನುವ ಮೊದಲು, ಅಧ್ಯಕ್ಷರು ಎಲ್ಲಿರುವರೆಂದು ಒಮ್ಮೆ ಸುತ್ತಲೂ ನೋಡಲಿ. ಅವರು ಪಂಕ್ತಿಯಲ್ಲಿ ಬಡಿಸುತ್ತಿದ್ದರೆ, ಅವರು ಬಂದು ಕುಳಿತುಕೊಳ್ಳುವ ವರೆಗೆ ಕಾಯಲಿ. ಇಷ್ಟನ್ನು ಬೇಡಿಕೊಂಡು, ವಾಚಾಲನೆನಿಸಿಕೊಳ್ಳುವದಕ್ಕೆ ಮೊದಲೇ ನನ್ನ ಮಾತನ್ನು ಮುಗಿಸುವೆನು.