ಎರಡು ಗುಂಡಿನ ಸದ್ದು

ನಮ್ಮ ಅಭಿಪ್ರಾಯಗಳಲ್ಲಿ ವಿಚಾರದ ಪಾಲೆಷ್ಟು, ಭಾವನೆಯ ಪಾಲೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ. ಕೋವಿಯ ವಿಷಯದಲ್ಲಂತೂ ಅದು ಮತ್ತಷ್ಟು ಕಠಿಣ. ನನ್ನ ಅನುಭವವನ್ನೇ ನಿವೇದಿಸುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬಯಲುಸೀಮೆಯ ಹಳ್ಳಿಯಲ್ಲಿ. ಅಲ್ಲಿ ಕೋವಿಯೆಂದರೆ ಪೊಲೀಸರ ಹೆಗಲ ಮೇಲಿನ ವಸ್ತು. ಅದು ಊರಿಗೆ ಬಂದಿತೆಂದರೆ ಏನೋ ಕೇಡು ಸಂಭವಿಸಿದೆಯೆಂದೇ ಅರ್ಥ. ಸುಮಾರು ನಲವತ್ತು ವರ್ಷಗಳ ಹಿಂದೆ ಅಧ್ಯಾಪಕನಾಗಿ ಕೊಡಗಿಗೆ ಹೋದೆ. ಒಂದು ರಾತ್ರಿ ದೂರದಿಂದ ಎರಡು ಗುಂಡಿನ ಸದ್ದು ಕೇಳಿಸಿತು. ನಾನು ಎದ್ದು ಬಾಗಿಲಿಗೆ ಅಗುಳಿ ಹಾಕಿದೆ. ಮನೆಯ ಯಜಮಾನರಾದರೋ ತಮ್ಮ ಬಾಗಿಲು ತೆರೆದು ಹೊರಟು ನಿಂತಿದ್ದರು. "ಯಾರೋ ತೀರಿಕೊಂಡರು ಮೇಷ್ಟ್ರೇ, ಹೋಗಬೇಕು" ಎಂದರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅದು ಕೊಡವರ ಸಂಪ್ರದಾಯ. ನಾನು ಕೊಲೆಯೆಂದು ಭಾವಿಸಿದ್ದು ಅವರಿಗೆ ನೆರೆಯವರ ಕರೆಯಾಗಿತ್ತು.

ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂದಿತು. ಭತ್ತದ ನಾಟಿ ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ಹಬ್ಬ. ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸಿ ದೀಪದ ಮುಂದಿಟ್ಟಿದ್ದರು. ಮುಟ್ಟಿ ನೋಡಿರೆಂದಾಗ ನಾನು ಹಿಂದೆ ಸರಿದೆ. ಎಲ್ಲರೂ ನಕ್ಕರು; ನಗದಿದ್ದವರು ಆ ಮನೆಯ ಅಜ್ಜಿಯೊಬ್ಬರೇ. "ನೀವು ಹೆದರಿದ್ದು ತಪ್ಪಲ್ಲ ಮೇಷ್ಟ್ರೇ" ಎಂದು ಆಮೇಲೆ ಮೆಲ್ಲನೆ ನುಡಿದರು. ಅವರ ಯೌವನದಲ್ಲಿ ತಮ್ಮನೊಬ್ಬ ಬೇಟೆಗೆ ಹೋಗಿ, ಜೊತೆಯವನ ಕೋವಿಯಿಂದ ಅಕಸ್ಮಾತ್ತಾಗಿ ಹಾರಿದ ಗುಂಡಿಗೆ ಬಲಿಯಾಗಿದ್ದನಂತೆ. ಆದರೂ ಆ ಕೋವಿಯ ಮುಂದೆ ದೀಪ ಹಚ್ಚಿದವರು ಅವರೇ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ಕುರಿತು ಚರ್ಚೆ ನಡೆದಾಗಲೆಲ್ಲ ಹೊರಗಿನವರ ಆತಂಕದಲ್ಲಿ ನನಗೆ ನನ್ನದೇ ಅಗುಳಿಯ ಸದ್ದು ಕೇಳುತ್ತದೆ. ಒಳಗಿನವರ ಸಮರ್ಥನೆಯಲ್ಲಿ ಅಂದಿನ ನಗೆ ಕೇಳುತ್ತದೆ. ಎರಡೂ ಸುಳ್ಳಲ್ಲ, ಎರಡೂ ಪೂರ್ಣವಲ್ಲ.

ಕಾಣದ ವಸ್ತುವನ್ನು ಕುರಿತ ಭಯ ಪರಿಚಯದಿಂದ ಕರಗುತ್ತದೆ. ನನ್ನದು ಹಾಗೆಯೇ ಕರಗಿತು. ಅಜ್ಜಿಯ ಭಯವಾದರೋ ಪರಿಚಯದಿಂದಲೇ ಹುಟ್ಟಿದ್ದು. ಕೋವಿಯ ವಿಚಾರದಲ್ಲಿ ತೀರ್ಪು ಹೇಳಲು ಹೊರಡುವ ಮುನ್ನ, ನನ್ನೊಳಗೆ ಮಾತಾಡುತ್ತಿರುವುದು ಇವುಗಳಲ್ಲಿ ಯಾವ ಭಯವೆಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ.