ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು

(ಸಂತ ಫ್ರಾನ್ಸಿಸ್ ಝೇವಿಯರ್‌ರವರ ಹಬ್ಬದ ಪ್ರಬೋಧನೆ)



ಇಂದು ಡಿಸೆಂಬರ್ 3. ಸಂತ ಫ್ರಾನ್ಸಿಸ್ ಝೇವಿಯರ್‌ರವರು 1552ರಲ್ಲಿ ಇದೇ ದಿನ ಚೀನಾದ ಕರಾವಳಿಯ ಒಂದು ಚಿಕ್ಕ ದ್ವೀಪದಲ್ಲಿ ಕಣ್ಣು ಮುಚ್ಚಿದರು. ಅವರ ಹೆಸರಿನ ಚಂದಾವರದ ಇಗರ್ಜಿಗೆ ಈ ದಿನ ಜಾತಿ ಮತ ನೋಡದೆ ಜನ ಬರುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಈ ಸಂತರ ಜೀವನದ ಒಂದು ಸಂಗತಿ ನಿಮಗೆ ಗೊತ್ತಿರಬಹುದು. ಗೋವೆಯ ಬೀದಿಗಳಲ್ಲಿ ಅವರು ಕೈಯಲ್ಲಿ ಗಂಟೆ ಹಿಡಿದು ಬಾರಿಸುತ್ತಾ ನಡೆಯುತ್ತಿದ್ದರು. ಆ ಸದ್ದಿಗೆ ಓಡಿ ಬಂದ ಮಕ್ಕಳನ್ನೂ ಆಳುಗಳನ್ನೂ ಕೂಡಿಸಿಕೊಂಡು ಧರ್ಮೋಪದೇಶ ಕಲಿಸುತ್ತಿದ್ದರು.

ನಾನು ಇಂದು ಕೇಳಬಯಸುವ ಪ್ರಶ್ನೆ ಇದು. ಗಂಟೆಯ ಸದ್ದು ಕೇಳಿ ಓಡಿ ಬರುವ ಮಕ್ಕಳನ್ನು ಕರೆಯುವುದು ಸುಲಭ. ಆದರೆ ಆ ಸದ್ದು ಕೇಳಿದೊಡನೆ ಎರಡೂ ಕಿವಿ ಮುಚ್ಚಿಕೊಂಡು, ಕಿರುಚಿಕೊಂಡು, ದೂರ ಓಡಿಹೋಗುವ ಮಗುವನ್ನು ನಾವು ಹೇಗೆ ಕರೆಯುವುದು?

ಡಿಸೆಂಬರ್ 3ಕ್ಕೆ ಇನ್ನೊಂದು ಮಹತ್ವವೂ ಇದೆ. 1992ರಲ್ಲಿ ವಿಶ್ವಸಂಸ್ಥೆಯು ಈ ದಿನವನ್ನು ವಿಕಲಚೇತನರ ಅಂತರರಾಷ್ಟ್ರೀಯ ದಿನವೆಂದು ಸಾರಿತು. ಸಂತರ ಹಬ್ಬ ಮತ್ತು ಈ ದಿನ ಒಟ್ಟಿಗೆ ಬಂದಿರುವುದರಿಂದ, ಕಣ್ಣಿಗೆ ಕಾಣದ ಒಂದು ಕಷ್ಟದ ಬಗ್ಗೆ ಮಾತನಾಡಲು ನನಗೊಂದು ಸಂದರ್ಭ ಸಿಕ್ಕಿದೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ನಾನೊಂದು ಧರ್ಮಕೇಂದ್ರದಲ್ಲಿ ಹಬ್ಬದ ಬಲಿಪೂಜೆ ಅರ್ಪಿಸುತ್ತಿದ್ದೆ. ಹೊರಗೆ ಗರ್ನಾಲು ಸಿಡಿಯಿತು. ಒಳಗೆ ಸುಮಾರು ಏಳು ವರ್ಷದ ಹುಡುಗನೊಬ್ಬ ಕಿರುಚಲು ತೊಡಗಿದ. ಬೆಂಚಿಗೆ ಒದ್ದ. ಹೊಸ ಅಂಗಿಯ ಕಾಲರು ಹಿಡಿದು ಎಳೆದ. ಸಮಾಧಾನ ಮಾಡಹೋದ ತಾಯಿಯ ಕೈ ಕಚ್ಚಿದ. ಸುತ್ತಲಿನವರು ತಿರುಗಿ ತಿರುಗಿ ನೋಡಿದರು. ನಾನು ಪ್ರಬೋಧನೆ ನಿಲ್ಲಿಸಿ ಮೈಕಿನಲ್ಲೇ ಹೇಳಿದೆ: "ದಯವಿಟ್ಟು ಆ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ." ಆ ತಾಯಿ ತಲೆ ತಗ್ಗಿಸಿ ಎದ್ದು ಹೋದರು. ಆಮೇಲೆ ಬಹಳ ದಿನ ಅವರನ್ನು ನಾನು ಇಗರ್ಜಿಯಲ್ಲಿ ಕಾಣಲಿಲ್ಲ. ಕಾಣಲಿಲ್ಲ ಎಂಬುದನ್ನು ಗಮನಿಸಲೂ ಇಲ್ಲ. ಇದು ನನ್ನ ಎರಡನೆಯ ತಪ್ಪು.

ತಿಂಗಳುಗಳು ಕಳೆದು ಮನೆ ಆಶೀರ್ವಾದಕ್ಕೆಂದು ಹೋದಾಗ ಆ ಮನೆಯೂ ಬಂತು. ನಾನು ಕ್ಷಮೆ ಕೇಳುವ ಮೊದಲೇ ಆ ತಾಯಿ ಹೇಳಿದರು: "ಫಾದರ್, ಅವನು ದೇವರಿಗೆ ಹೆದರಿದ್ದಲ್ಲ. ಮೈಕಿಗೆ ಹೆದರಿದ್ದು." ಆಮೇಲೆ ತಮ್ಮ ದಿನಚರಿಯನ್ನು ಒಂದೊಂದಾಗಿ ಬಿಚ್ಚಿಟ್ಟರು. ಮಿಕ್ಸಿ ತಿರುಗಿದರೆ ಹುಡುಗ ಮನೆ ಬಿಟ್ಟು ಓಡುತ್ತಾನೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿದರೆ ರಾತ್ರಿಯಿಡೀ ನಿದ್ದೆಯಿಲ್ಲ. ಗಂಜಿ ಬಿಟ್ಟರೆ ಬೇರೇನೂ ಬಾಯಿಗೆ ಇಡುವುದಿಲ್ಲ. ಕೂದಲು ಕತ್ತರಿಸಲು ಮೂರು ಜನ ಹಿಡಿದುಕೊಳ್ಳಬೇಕು. ಶಾಲೆಯಿಂದ ಪ್ರತಿ ವಾರ ದೂರು. ಬಂಧುಗಳು "ನೀನು ಮುದ್ದು ಮಾಡಿ ಕೆಡಿಸಿದೆ" ಎನ್ನುತ್ತಾರೆ. "ಎರಡು ಬಿಟ್ಟರೆ ಸರಿಯಾಗುತ್ತಾನೆ" ಎನ್ನುವವರೂ ಇದ್ದಾರೆ. "ಹೊಡೆದೂ ನೋಡಿದ್ದೇನೆ ಫಾದರ್" ಎಂದು ಆ ತಾಯಿ ಅತ್ತರು.

ಪ್ರಿಯರೇ, ನಾವು ಶಾಲೆಯಲ್ಲಿ ಐದು ಇಂದ್ರಿಯಗಳೆಂದು ಕಲಿತೆವು. ಅವುಗಳ ಜೊತೆಗೆ ದೇಹದ ತೂಕ ತಪ್ಪದಂತೆ ಕಾಯುವ ಅರಿವು ಒಳಕಿವಿಯಲ್ಲಿದೆ. ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕಬೇಕು ಎಂಬ ಅರಿವು ಸ್ನಾಯು ಮತ್ತು ಕೀಲುಗಳಲ್ಲಿದೆ. ಹಸಿವು, ಬಾಯಾರಿಕೆ, ಹೊಟ್ಟೆನೋವು ತಿಳಿಸುವ ಒಳ ಅರಿವೂ ಇದೆ. ಇವೆಲ್ಲ ತರುವ ಸುದ್ದಿಯನ್ನು ಮೆದುಳು ಜರಡಿ ಹಿಡಿದು, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುತ್ತದೆ. ಕೆಲವು ಮಕ್ಕಳಲ್ಲಿ ಈ ಜರಡಿ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ನಮಗೆ ಸಾಧಾರಣವಾದ ಸದ್ದು ಅವರಿಗೆ ಪೆಟ್ಟಿನಂತೆ ಬೀಳುತ್ತದೆ. ಅಂಗಿಯ ಕುತ್ತಿಗೆಯಲ್ಲಿರುವ ಚೀಟಿ ಮುಳ್ಳಿನಂತೆ ಚುಚ್ಚುತ್ತದೆ. ಇನ್ನು ಕೆಲವರಲ್ಲಿ ಇದಕ್ಕೆ ವಿರುದ್ಧ. ಅವರಿಗೆ ಎಷ್ಟು ಸ್ಪರ್ಶವಾದರೂ, ಎಷ್ಟು ಓಡಿದರೂ ಸಾಲದು. ಸುತ್ತುತ್ತಾರೆ, ಜಿಗಿಯುತ್ತಾರೆ, ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ, ಅಂಗಿಯ ತೋಳು ಅಗಿಯುತ್ತಾರೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು.

ಅಮೆರಿಕದ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ 1972ರಲ್ಲಿ ಈ ವಿಷಯದ ಮೇಲೆ ಪುಸ್ತಕ ಬರೆದು ದಾರಿ ತೋರಿದರು. ಇದನ್ನು ಪ್ರತ್ಯೇಕ ಕಾಯಿಲೆ ಎನ್ನಬೇಕೇ ಎಂಬ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಈ ಕಷ್ಟದ ಹಿಂದೆ ಆಟಿಸಂನಂತಹ ಬೇರೆ ಕಾರಣವಿದೆಯೇ ಎಂದು ಮೊದಲು ನೋಡಬೇಕೆಂದು 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ಸಲಹೆ ನೀಡಿತು. ಹೆಸರು ಏನೇ ಇರಲಿ, ಮಗುವಿನ ನೋವು ಮಾತ್ರ ನಿಜ. ಮಾತು ಬಾರದ ಅಥವಾ ಆ ಹೊತ್ತಿಗೆ ಮಾತು ಹೊರಡದ ಮಗು ಆ ನೋವನ್ನು ಕೈಯಿಂದ, ಕಾಲಿನಿಂದ, ಹಲ್ಲಿನಿಂದ ಹೇಳುತ್ತದೆ. ನಾವು ಅದನ್ನು ಹಟ ಎಂದು ಕರೆಯುತ್ತೇವೆ.

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಕಿವಿ ಕೇಳದ, ತೊದಲು ಮಾತಿನ ಒಬ್ಬನನ್ನು ಜನರು ಯೇಸುಸ್ವಾಮಿಯ ಬಳಿ ಕರೆತಂದರು. ಯೇಸು ಅವನನ್ನು ಗುಂಪಿನ ನಡುವೆ ನಿಲ್ಲಿಸಿ ಗುಣಪಡಿಸಬಹುದಿತ್ತು. ಎಲ್ಲರೂ ನೋಡಿ ಬೆರಗಾಗುತ್ತಿದ್ದರು. ಆದರೆ ಅವರು ಮೊದಲು ಮಾಡಿದ ಕೆಲಸ ಅವನನ್ನು ಜನಜಂಗುಳಿಯಿಂದ ಆಚೆ, ಒಂದು ಬದಿಗೆ ಕರೆದೊಯ್ದದ್ದು. ಆಮೇಲೆ ಅವನ ಕಿವಿಯನ್ನು ಮುಟ್ಟಿದರು, ನಾಲಗೆಯನ್ನು ಮುಟ್ಟಿದರು. ಮಾತು ತಿಳಿಯದವನೊಡನೆ ಅವನಿಗೆ ತಿಳಿಯುವ ಭಾಷೆಯಲ್ಲಿ ಮಾತನಾಡಿದರು. ನಾನೂ ಆ ಹುಡುಗನನ್ನು ಗುಂಪಿನಿಂದ ಆಚೆ ಕಳಿಸಿದೆ. ಆದರೆ ಯೇಸು ಅವನ ಜೊತೆಗೆ ಹೋದರು, ನಾನು ಹೋಗಲಿಲ್ಲ. ವ್ಯತ್ಯಾಸ ಇರುವುದು ಇಲ್ಲಿಯೇ.

ಹಾಗಾದರೆ ಜೊತೆಗೆ ಹೋಗುವುದು ಎಂದರೇನು? ಮೊದಲನೆಯದಾಗಿ, ಗಮನಿಸುವುದು. ಆ ಹುಡುಗನ ಅಜ್ಜಿ ಶಾಲೆಗೆ ಹೋದವರಲ್ಲ. ಆದರೆ ಎಲ್ಲರಿಗಿಂತ ಮೊದಲು ಗಮನಿಸಿದವರು ಅವರೇ. ತಂದೆ ಅಂಗಳದಲ್ಲಿ ಬಲೆ ದುರಸ್ತಿಗೆ ಕುಳಿತಾಗ ಹುಡುಗ ಆ ಭಾರವಾದ ಬಲೆಯ ರಾಶಿಯ ಅಡಿಗೆ ಕಾಲು ತೂರಿಸಿ ಮಲಗುತ್ತಿದ್ದ. ಆಗ ಅವನ ಮುಖ ಶಾಂತವಾಗುತ್ತಿತ್ತು. "ಮೈಮೇಲೆ ಭಾರ ಬಿದ್ದರೆ ಇವನಿಗೆ ಹಿತ" ಎಂದು ಅಜ್ಜಿ ಹೇಳುತ್ತಿದ್ದರು. ಮುಂದೆ ಥೆರಪಿಸ್ಟ್ ಒಬ್ಬರು ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಇಂಥ ಕೆಲವು ಮಕ್ಕಳಿಗೆ ಸ್ನಾಯುಗಳಿಗೆ ಕೆಲಸ ಕೊಡುವ ಚಟುವಟಿಕೆಗಳಿಂದ ಸಮಾಧಾನ ಸಿಗುತ್ತದೆ. ಬಾವಿಯಿಂದ ನೀರು ಸೇದುವುದು, ತುಂಬಿದ ಬಿಂದಿಗೆ ಹೊರುವುದು, ಹಿಟ್ಟು ನಾದುವುದು, ಜೋಕಾಲಿ ಆಡುವುದು, ದಂಡೆಯ ಮರಳಿನಲ್ಲಿ ಅಗೆಯುವುದು, ಇವೆಲ್ಲ ದೊಡ್ಡವರ ಕಣ್ಣೆದುರು ಮಾಡಬಹುದಾದ ಕೆಲಸಗಳು. ಆದರೆ ಒಂದು ಮಗುವಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲಾರದು. ಮಗುವಿನ ಮೇಲೆ ಭಾರವನ್ನು ನಾವಾಗಿ ಹೇರಬಾರದು. ಕೆಲವು ವಾರ ಮಾಡಿ ನೋಡಿ, ಫಲ ಕಾಣದಿದ್ದರೆ ಬದಲಿಸಬೇಕು.

ಒಂದು ಸಣ್ಣ ನೋಟುಪುಸ್ತಕ ಇಡಿ. ಮಗು ಕೆರಳುವ ಮೊದಲು ಏನಾಯಿತು, ಅದು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು, ಈ ಮೂರನ್ನು ಬರೆಯಿರಿ. ಎರಡು ವಾರ ಬರೆದರೆ ದಾರಿ ಕಾಣತೊಡಗುತ್ತದೆ. ಬೇಕಾದ ವಸ್ತು ಸಿಕ್ಕಿದಾಗ ನಿಲ್ಲುವುದು ಬಹುಮಟ್ಟಿಗೆ ಹಟ. ಕೇಳಿದ್ದು ಕೊಟ್ಟರೂ, ಯಾರೂ ನೋಡದಿದ್ದರೂ ನಿಲ್ಲದೆ ಮುಂದುವರಿದರೆ, ಅದು ಮಗುವಿನ ಕೈಮೀರಿದ್ದು ಎಂದು ತಿಳಿಯಿರಿ. ಇದ್ದಕ್ಕಿದ್ದಂತೆ ನಡತೆ ಬದಲಾದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯೇ ಎಂದು ವೈದ್ಯರಿಗೆ ತೋರಿಸಿ.

ಎರಡನೆಯದಾಗಿ, ಆ ಕ್ಷಣದಲ್ಲಿ ಶಾಂತವಾಗಿರುವುದು. ಮಗು ಕೆರಳಿರುವಾಗ ಉಪದೇಶ ಅದರ ಕಿವಿಗೆ ಇನ್ನೊಂದು ಸದ್ದು ಮಾತ್ರ. ಮಾತು ಕಡಿಮೆ ಮಾಡಿ. ಟಿ.ವಿ. ಆರಿಸಿ. ಸುತ್ತಲಿನವರನ್ನು ದೂರ ಕಳಿಸಿ. ಪೆಟ್ಟಾಗುವ ವಸ್ತುಗಳನ್ನು ಸರಿಸಿ. ಹೊಡೆಯಬೇಡಿ. ಶಿಕ್ಷಕರೂ ಇದನ್ನು ನೆನಪಿಡಬೇಕು: 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಗು ತಣ್ಣಗಾದ ಮೇಲೆ ನೀರು ಕೊಡಿ, ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅರ್ಥಮಾಡಿಕೊಳ್ಳುವುದೆಂದರೆ ಎಲ್ಲವನ್ನೂ ಬಿಟ್ಟುಕೊಡುವುದಲ್ಲ. ತಂಗಿಗೆ ಹೊಡೆಯುವ ಕೈಯನ್ನು ತಡೆಯಲೇಬೇಕು. ಆದರೆ ತಡೆದ ಕೈಗೆ ಬೇರೊಂದು ದಾರಿ ಕಲಿಸಬೇಕು: ಕಿವಿ ಮುಟ್ಟಿ ತೋರಿಸಿದರೆ "ಸದ್ದು ಹೆಚ್ಚಾಯಿತು", ಬಾಗಿಲ ಚಿತ್ರ ತೋರಿಸಿದರೆ "ಹೊರಗೆ ಹೋಗಬೇಕು." ಆ ಗುರುತನ್ನು ಕಂಡ ಕೂಡಲೇ ನಾವು ಗೌರವಿಸಬೇಕು. ಇಲ್ಲವಾದರೆ ಮಗು ಮತ್ತೆ ಹಲ್ಲಿಗೇ ಮರಳುತ್ತದೆ.

ಮೂರನೆಯದಾಗಿ, ಸಹಾಯ ಹುಡುಕುವುದು. ಹರಕೆ ಹೊರಿ, ನವೇನ ಮಾಡಿ, ನಾನೂ ನಿಮ್ಮೊಡನೆ ಪ್ರಾರ್ಥಿಸುತ್ತೇನೆ. ಆದರೆ ಆಸ್ಪತ್ರೆಯ ದಾರಿ ಬಿಡಬೇಡಿ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನರೆಲ್ಲ ದನಿ ಎತ್ತಿದ್ದು ನೆನಪಿದೆಯಲ್ಲವೇ? ದೂರದ ಊರಿಗೆ ಮಗುವನ್ನು ಬಸ್ಸಿನಲ್ಲಿ ಕರೆದೊಯ್ಯುವ ಕಷ್ಟ ನನಗೆ ಗೊತ್ತು. ಆದ್ದರಿಂದ ಹತ್ತಿರದಲ್ಲಿ ಆರಂಭಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಮಗುವಿನ ಬೆಳವಣಿಗೆಯ ಬಗ್ಗೆ ಅವರಲ್ಲಿ ಕೇಳಿ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕರ ಬಗ್ಗೆ ವಿಚಾರಿಸಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಆಮೇಲೆ ಮಣಿಪಾಲದ ಆಕ್ಯುಪೇಷನಲ್ ಥೆರಪಿ ವಿಭಾಗ, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಇಂದ್ರಿಯಗಳ ಕಷ್ಟವೊಂದೇ ಆ ಪಟ್ಟಿಯಲ್ಲಿಲ್ಲ. ಆದ್ದರಿಂದಲೂ ಸರಿಯಾದ ತಪಾಸಣೆ ಅಗತ್ಯ.

ಇನ್ನು ನಮ್ಮ ಸಮುದಾಯದ ಮಾತು. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಕೇಳಿದರು. ಇಬ್ಬರೂ ಅಲ್ಲ ಎಂದರು ಯೇಸು. ಆದರೂ ನಾವು ಇಂದಿಗೂ ತಾಯಿಯ ಕಡೆಗೇ ಬೆರಳು ತೋರಿಸುತ್ತೇವೆ. 2020ರಲ್ಲಿ ರೋಮಿನಿಂದ ಪ್ರಕಟವಾದ ಧರ್ಮೋಪದೇಶದ ಮಾರ್ಗದರ್ಶಿಯು ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದೆ. ಬಾಗಿಲು ತೆರೆದಿದೆ ಎಂದರೆ ಸಾಲದು. ಒಳಗೆ ಕುಳಿತುಕೊಳ್ಳಲು ಸಾಧ್ಯವಾಗಬೇಕು. ಪಕ್ಕದ ಬಾಗಿಲ ಬಳಿ ಒಂದು ಬೆಂಚು ಅವರಿಗಾಗಿ ಬಿಡೋಣ. ಮೈಕಿನ ಪೆಟ್ಟಿಗೆ ಅವರ ತಲೆಯ ಮೇಲೆ ಇರದಿರಲಿ. ಗರ್ನಾಲು ಯಾವ ಹೊತ್ತಿಗೆ ಸಿಡಿಯುತ್ತದೆ ಎಂದು ಮೊದಲೇ ತಿಳಿಸೋಣ, ಸಾಧ್ಯವಾದರೆ ಕೈಬಿಡೋಣ. ಹೊಸ ಅಂಗಿ ಬೇಡವೆಂದರೆ ಮಗು ಹಳೆಯ ಹತ್ತಿಯ ಅಂಗಿಯಲ್ಲೇ ಬರಲಿ. ದೇವರು ಅಂಗಿ ನೋಡುವವರಲ್ಲ. ಮಗು ಕಿರುಚಿದಾಗ ತಿರುಗಿ ನೋಡಬೇಡಿ. ಪೂಜೆ ಮುಗಿದ ಮೇಲೆ ಆ ತಾಯಿಯ ಬಳಿ ಹೋಗಿ, "ಒಂದು ಗಂಟೆ ನಾನು ನೋಡಿಕೊಳ್ಳುತ್ತೇನೆ, ನೀವು ಸ್ವಲ್ಪ ಮಲಗಿ" ಎನ್ನಿ. ಹಲವು ವರ್ಷಗಳಿಂದ ಸರಿಯಾಗಿ ನಿದ್ದೆ ಮಾಡದವರು ಅವರು. ತಂದೆಯಂದಿರೇ, ಮಗುವಿನ ಕಷ್ಟವನ್ನು ತಾಯಿಯ ತಲೆಗೆ ಕಟ್ಟಿ ಹೊರಗೆ ನಿಲ್ಲಬೇಡಿ.

ಆ ಹುಡುಗ ಮತ್ತೆ ಇಗರ್ಜಿಗೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಒಳಗೆ ಯಾರೂ ಇರಲಿಲ್ಲ. ಐದು ನಿಮಿಷ ಇದ್ದು ಹೋದ. ಮುಂದಿನ ವಾರ ಹತ್ತು ನಿಮಿಷ. ಒಂದು ದಿನ ಬಲಿಪೀಠದ ಚಿಕ್ಕ ಗಂಟೆಯತ್ತ ಬೆರಳು ತೋರಿಸಿದ. ಕೈಗೆ ಕೊಟ್ಟೆ. ಬಹಳ ಹೊತ್ತು ಹಿಡಿದುಕೊಂಡಿದ್ದು, ಮೆಲ್ಲನೆ ಒಮ್ಮೆ ಅಲ್ಲಾಡಿಸಿದ. ಕಿವಿ ಮುಚ್ಚಿಕೊಳ್ಳಲಿಲ್ಲ. ಯಾವಾಗ ಸದ್ದಾಗುತ್ತದೆ ಎಂಬುದು ಈಗ ಅವನ ಕೈಯಲ್ಲೇ ಇತ್ತಲ್ಲವೇ? ಅವನು ಪೂರ್ತಿ ಗುಣವಾದ ಎಂದು ನಾನು ಹೇಳುತ್ತಿಲ್ಲ. ಮುಂದಿನ ಹಬ್ಬದ ಮೆರವಣಿಗೆಯಲ್ಲಿ ಬ್ಯಾಂಡು ಶುರುವಾದೊಡನೆ ಅವನು ಮನೆಗೆ ಓಡಿದ. ಆದರೆ ಈ ಸಲ ಅವನ ಹಿಂದೆ ತಾಯಿ ಒಬ್ಬರೇ ಹೋಗಲಿಲ್ಲ. ನೆರೆಮನೆಯ ಇಬ್ಬರು ಜೊತೆಗೆ ಹೋದರು.

ಪ್ರಿಯ ಸಹೋದರ ಸಹೋದರಿಯರೇ, ಸಂತ ಫ್ರಾನ್ಸಿಸ್ ಝೇವಿಯರ್‌ರವರು ಮಕ್ಕಳು ಬರಲೆಂದು ಕಾಯುತ್ತಾ ಇಗರ್ಜಿಯಲ್ಲಿ ಕುಳಿತಿರಲಿಲ್ಲ. ಮಕ್ಕಳಿದ್ದ ಬೀದಿಗೆ ತಾವೇ ಇಳಿದರು. ಇಂದು ಮನೆಗೆ ಮರಳುವ ಮುನ್ನ ಯೋಚಿಸಿ: ನಿಮ್ಮ ವಾಡೆಯಲ್ಲಿ ಹಬ್ಬಕ್ಕೆ ಬಾರದೆ ಉಳಿದ ಮನೆ ಯಾವುದು? ಆ ಮನೆಗೆ ಹೋಗಿ. ಗಂಟೆ ಬಾರಿಸದೆ, ಮೆಲ್ಲನೆ ಬಾಗಿಲು ತಟ್ಟಿ.

ಸಂತ ಫ್ರಾನ್ಸಿಸ್ ಝೇವಿಯರ್‌ರವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.