ಯಂತ್ರದ ಲೆಕ್ಕ, ಮನುಷ್ಯರಿಗೆ ಶಿಕ್ಷೆ



ಕಂಪ್ಯೂಟರಿನ ದೋಷ ಎಂದೊಡನೆ ನಮಗೆ ನೆನಪಾಗುವುದು ನಿಂತುಹೋದ ಪರದೆ ಅಥವಾ ಅಳಿಸಿಹೋದ ಕಡತ. ಈ ದೋಷಗಳು ಕಣ್ಣಿಗೆ ಕಾಣುತ್ತವೆ, ಕಂಡದ್ದನ್ನು ಸರಿಪಡಿಸಬಹುದು. ಆದರೆ ಯಂತ್ರ ಸರಾಗವಾಗಿ ಓಡುತ್ತಲೇ ತಪ್ಪು ಮೊತ್ತ ತೋರಿಸಿದರೆ? ಅದನ್ನು ನಂಬುವವರ ಕೈಯಲ್ಲೇ ಅಧಿಕಾರವಿದ್ದರೆ? ಬ್ರಿಟನ್ನಿನ ಅಂಚೆ ಸಂಸ್ಥೆಯಲ್ಲಿ ನಡೆದದ್ದು ಇದೇ.

ಅಲ್ಲಿನ ಬಹುಪಾಲು ಅಂಚೆ ಕಚೇರಿಗಳನ್ನು ನಡೆಸುವವರು ಸರ್ಕಾರಿ ನೌಕರರಲ್ಲ, ಕರಾರಿನ ಮೇಲೆ ದುಡಿಯುವ ಸಬ್ ಪೋಸ್ಟ್‌ಮಾಸ್ಟರುಗಳು. ಅನೇಕರು ತಮ್ಮ ಅಂಗಡಿಯ ಒಂದು ಬದಿಯಲ್ಲೇ ಅಂಚೆಯ ಕೌಂಟರ್ ಇಟ್ಟುಕೊಂಡಿರುತ್ತಾರೆ. 1999ರಿಂದ ಇವರ ಲೆಕ್ಕವೆಲ್ಲ ಫುಜಿತ್ಸು ಸಮೂಹದ 'ಹೊರೈಜನ್' ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿತು. ಸಂಜೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿದರೆ ಒಂದು ಮೊತ್ತ, ಪರದೆಯ ಮೇಲೆ ಅದಕ್ಕಿಂತ ಹೆಚ್ಚಿನ ಇನ್ನೊಂದು ಮೊತ್ತ! ಕೊರತೆಯನ್ನು ಕೈಯಿಂದ ತುಂಬಬೇಕೆಂದು ಸಂಸ್ಥೆ ಪಟ್ಟುಹಿಡಿಯಿತು.

ಕೊರತೆ ಹುಟ್ಟುತ್ತಿದ್ದ ಬಗೆಗೆ ಒಂದು ಉದಾಹರಣೆ ನೋಡಿ. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನ ಕಚೇರಿಯಲ್ಲಿ 8 ಸಾವಿರ ಪೌಂಡ್ ವರ್ಗಾವಣೆಯನ್ನು ದಾಖಲಿಸುವಾಗ ಪರದೆ ಅಲುಗಾಡದೆ ನಿಂತಿತು. ಕೀಲಿಯನ್ನು ಮತ್ತೆ ಮತ್ತೆ ಒತ್ತಿದ್ದೇ ತಡ, ಅದೇ ಮೊತ್ತ ನಾಲ್ಕು ಬಾರಿ ದಾಖಲಾಯಿತು. ಇಲ್ಲದ 24 ಸಾವಿರ ಪೌಂಡ್ ಲೆಕ್ಕದಲ್ಲಿ 'ಕಾಣೆ'ಯಾಯಿತು.

ಸಹಾಯ ಕೇಳಿದ ಹಲವರಿಗೆ ಸಿಕ್ಕ ಉತ್ತರ ಒಂದೇ: ಇಂಥ ತೊಂದರೆ ನಿಮಗೊಬ್ಬರಿಗೇ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳವು, ಸುಳ್ಳು ಲೆಕ್ಕ ಮುಂತಾದ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. ಕೆಲವರು ಜೈಲು ಸೇರಿದರು, ಹಲವರು ದಿವಾಳಿಯಾದರು. ಕನಿಷ್ಠ 13 ಜನರ ಆತ್ಮಹತ್ಯೆಗೆ ಈ ಪ್ರಕರಣ ಕಾರಣವಾಗಿರಬಹುದು ಎಂದು ಸರ್ಕಾರ ನೇಮಿಸಿದ ವಿಚಾರಣೆಯ ವರದಿ 2025ರ ಜುಲೈನಲ್ಲಿ ಹೇಳಿತು.

ನ್ಯಾಯಾಲಯಗಳೇಕೆ ನಂಬಿದವು? ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಯಂತ್ರ ಸರಿಯಾಗಿತ್ತೆಂದು ತೋರಿಸಬೇಕೆಂಬ ನಿಯಮ ಅಲ್ಲಿನ 1984ರ ಕಾನೂನಿನಲ್ಲಿತ್ತು. 1999ರ ಕಾನೂನು ಅದನ್ನು ತೆಗೆದುಹಾಕಿತು. ಯಂತ್ರ ಸರಿಯಿದೆ ಎಂಬುದೇ ಪೂರ್ವಭಾವನೆಯಾಯಿತು. ತಪ್ಪಿದೆ ಎನ್ನುವವರೇ ಅದನ್ನು ತೋರಿಸಬೇಕು. ಆದರೆ ಯಂತ್ರದ ಒಳದಾಖಲೆಗಳಿದ್ದದ್ದು ಎದುರು ಪಕ್ಷದ ಕೈಯಲ್ಲಿ!

ಅಲನ್ ಬೇಟ್ಸ್ ಎಂಬ ಸಬ್ ಪೋಸ್ಟ್‌ಮಾಸ್ಟರ್ ಸುಮ್ಮನಾಗಲಿಲ್ಲ. ಅವರ ಮುಂದಾಳತ್ವದಲ್ಲಿ 555 ಮಂದಿ ಮೊಕದ್ದಮೆ ಹೂಡಿದರು. ಹೊರೈಜನ್‌ನಲ್ಲಿ ದೋಷಗಳಿದ್ದವು, ಕಚೇರಿಯವರ ಅರಿವಿಗೆ ಬಾರದೆ ಕಂಪನಿಯವರು ದೂರದಿಂದಲೇ ಲೆಕ್ಕ ಬದಲಿಸಲು ಸಾಧ್ಯವಿತ್ತು ಎಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ತೀರ್ಪಿತ್ತಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆ ರದ್ದುಗೊಳಿಸಿತು. 2024ರಲ್ಲಿ ಸಂಸತ್ತೇ ಕಾಯ್ದೆ ತಂದು ನೂರಾರು ತೀರ್ಪುಗಳನ್ನು ಒಟ್ಟಿಗೆ ಅಳಿಸಿಹಾಕಿತು.

ಯಂತ್ರಕ್ಕೆ ತಪ್ಪು ಸಹಜ; ಅದನ್ನು ಬರೆಯುವವರು ಮನುಷ್ಯರೇ ತಾನೆ? ಇಲ್ಲಿ ನೂರಾರು ಸಂಸಾರಗಳನ್ನು ಮುರಿದದ್ದು ಯಂತ್ರ ತಪ್ಪುವುದಿಲ್ಲ ಎಂಬ ಹಠ. ಆದ್ದರಿಂದ ಪರದೆ ತೋರಿಸುವ ಬಾಕಿಯನ್ನು ಯಾರಾದರೂ ನಮ್ಮ ತಲೆಗೆ ಕಟ್ಟಿದಾಗ ಕೇಳಬೇಕಾದ ಪ್ರಶ್ನೆ ಸರಳ: ಈ ಅಂಕಿ ಎಲ್ಲಿಂದ ಬಂತು, ಅದನ್ನು ಪರಿಶೀಲಿಸಿದವರು ಯಾರು? ಉತ್ತರ ಕೊಡಬೇಕಾದವರು ಯಂತ್ರವನ್ನು ಇಟ್ಟವರು.